ಅದೆಂತೆನೆ: ಒಡಂಬಡಿಸುವ ಕಥೆಯ ಕಟ್ಟು

ಹಠ ಹಿಡಿದ ಮಗುವಿಗೆ ಕಷಾಯ ಕುಡಿಸುವ ತಾಯಿ, ಬಾಡಿಗೆ ಏರಿಸಬೇಡಿರೆಂದು ಮನೆಯ ಮಾಲಿಕರನ್ನು ಕೇಳಿಕೊಳ್ಳುವ ಸಂಸಾರಸ್ಥ, ಪಥ್ಯಕ್ಕೆ ಒಗ್ಗದ ರೋಗಿಯೊಡನೆ ಮಾತನಾಡುವ ವೈದ್ಯ, ಸಮಿತಿಯ ಸಭೆಯಲ್ಲಿ ಠರಾವು ಮಂಡಿಸುವ ಸದಸ್ಯ, ಇವರೆಲ್ಲರೂ ಮಾಡುವ ಕೆಲಸ ಒಂದೇ. ತಮ್ಮ ಮಾತು ಆಜ್ಞೆಯಾಗಲಾರದ ಕಡೆ ಅದನ್ನು ಎದುರಿನವರ ಸ್ವಂತ ನಿಶ್ಚಯವಾಗುವಂತೆ ಮಾಡುವುದು ಅವರೆಲ್ಲರ ಉದ್ದೇಶ. ಇದಕ್ಕೆ ಕನ್ನಡದಲ್ಲಿ ‘ಒಡಂಬಡಿಸುವುದು’ ಎಂಬ ಒಳ್ಳೆಯ ಮಾತುಂಟು. ಇದರಲ್ಲಿ ಬಲಾತ್ಕಾರವಿಲ್ಲ, ಬರಿಯ ಬೇಡಿಕೆಯೂ ಇಲ್ಲ. ಒಡಂಬಡಬೇಕಾದವನು ಕೇಳುವವನು, ಹೇಳುವವನು ಅದಕ್ಕೆ ನೆರವಾಗತಕ್ಕವನು ಮಾತ್ರ.

ಈ ಕೆಲಸಕ್ಕೆ ಯುಕ್ತಿ, ಅಂಕಿ, ಆಪ್ತವಾಕ್ಯ ಮೊದಲಾದ ಸಾಧನಗಳು ಹಲವು. ಅವುಗಳಲ್ಲಿ ಕಥೆಯೂ ಒಂದು. ಆದರೆ ವಿದ್ಯಾವಂತರು ಕಥೆಯನ್ನು ಸಾಮಾನ್ಯವಾಗಿ ಯುಕ್ತಿಯ ಮೇಲೆ ತೊಡಿಸಿದ ಒಡವೆಯೆಂದೋ, ಯುಕ್ತಿಯಿಲ್ಲದವನ ಊರುಗೋಲೆಂದೋ ಎಣಿಸುವುದುಂಟು. ‘ಕಥೆ ಹೇಳಬೇಡ’ ಎಂದರೆ ಕನ್ನಡದಲ್ಲಿ ‘ಸುಳ್ಳು ಹೇಳಬೇಡ’ ಎಂದೇ ಅರ್ಥ. ಇನ್ನೊಂದು ಕಡೆ, ಈಚಿನ ವಾಣಿಜ್ಯಶಾಲೆಗಳೂ ಆಡಳಿತ ತರಬೇತಿಯ ತರಗತಿಗಳೂ ಕಥೆ ಹೇಳುವುದನ್ನು ಒಂದು ವಿಧಾನವಾಗಿಯೇ ಕಲಿಸತೊಡಗಿವೆ. ಅಮೆರಿಕದ ಬಾರ್ಬರಾ ಮಿಂಟೋ ಎಂಬ ಲೇಖಕಿ ವ್ಯವಹಾರದ ವರದಿಗಳಿಗೆಂದು ಸೂಚಿಸಿದ ಕ್ರಮ ಇವುಗಳಲ್ಲಿ ಬಹಳ ಪ್ರಚಾರಕ್ಕೆ ಬಂದದ್ದು. ಮೊದಲು ಈಗಿರುವ ಸ್ಥಿತಿ, ಬಳಿಕ ಅದರಲ್ಲಿ ಹುಟ್ಟಿದ ತೊಡಕು, ತೊಡಕಿನಿಂದ ಏಳುವ ಪ್ರಶ್ನೆ, ಕೊನೆಗೆ ಉತ್ತರ ಎಂಬ ನಾಲ್ಕು ಹೆಜ್ಜೆಗಳು ಅದರಲ್ಲಿವೆ. ಇದು ಹೊಸ ಶೋಧವೆಂಬಂತೆ ಕೆಲವರು ಮಾತನಾಡುತ್ತಾರೆ. ಹೆಸರುಗಳು ಹೊಸವು; ಕಟ್ಟು ಮಾತ್ರ ಹಳೆಯದು. ಕನ್ನಡಿಗರಿಗೆ ಅದು ಸಾವಿರ ವರ್ಷಗಳಿಂದ ಮನೆಯ ಸೊತ್ತೇ ಆಗಿದೆ. ಆ ಕಟ್ಟಿನ ಕೀಲುಗಳು ಎಲ್ಲಿವೆ, ಅದು ಎಲ್ಲಿ ಮೋಸಕ್ಕೆ ಎಡೆಕೊಡುತ್ತದೆ ಎಂಬುದನ್ನು ನಮ್ಮ ಹಳೆಯ ಕಥಾಗ್ರಂಥಗಳು ಹೊಸ ಕೈಪಿಡಿಗಳಿಗಿಂತ ಚೆನ್ನಾಗಿ ಬಲ್ಲವು.

ಕ್ರಿ. ಶ. ೧೦೩೧ರ ಸುಮಾರಿನಲ್ಲಿ ದುರ್ಗಸಿಂಹನು ಪಂಚತಂತ್ರವನ್ನು ಕನ್ನಡದಲ್ಲಿ ಚಂಪುವಾಗಿ ರಚಿಸಿದನು. ಸಂಸ್ಕೃತದ ಪ್ರಸಿದ್ಧ ವಿಷ್ಣುಶರ್ಮನ ಪಾಠವನ್ನಲ್ಲ, ವಸುಭಾಗಭಟ್ಟನ ಪಾಠವನ್ನು ಅವನು ಅನುಸರಿಸಿದನೆಂಬುದು ವಿದ್ವಾಂಸರಿಗೆ ತಿಳಿದ ಸಂಗತಿ. ಪ್ರಕೃತ ವಿಷಯಕ್ಕೆ ಅದಕ್ಕಿಂತ ಮುಖ್ಯವಾದುದು ಅವನ ಉದ್ಯೋಗ. ದುರ್ಗಸಿಂಹನು ಚಾಲುಕ್ಯ ಚಕ್ರವರ್ತಿ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದವನು. ಯಾರೊಡನೆ ಸಂಧಿ, ಯಾರೊಡನೆ ವಿಗ್ರಹ ಎಂಬುದರಲ್ಲಿ ಅರಸನಿಗೆ ಸಲಹೆ ಕೊಡುವುದು, ಪರರಾಜರನ್ನು ಮಾತಿನಿಂದ ಒಲಿಸುವುದು ಅವನ ದಿನದ ಕೆಲಸ. ಅಂಥವನು ತನ್ನ ಭಾಷೆಗೆ ತರಲು ಆರಿಸಿಕೊಂಡ ಗ್ರಂಥ ಮಂತ್ರಿಗಳೂ ಗೆಳೆಯರೂ ಹಗೆಗಳೂ ಒಬ್ಬರನ್ನೊಬ್ಬರು ಕಥೆಗಳಿಂದ ಒಡಂಬಡಿಸುವ ಗ್ರಂಥವಾಗಿರುವುದು ಆಕಸ್ಮಿಕವೆನಿಸುವುದಿಲ್ಲ. ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ ಎಂಬ ಅವನ ಐದು ಪ್ರಕರಣಗಳ ಹೆಸರುಗಳನ್ನು ನೋಡಿದರೂ ಸಾಕು, ಅವು ಆಸ್ಥಾನದ ಒಂದು ದಿನದ ದಿನಚರಿಯಂತೆ ಕಾಣುತ್ತವೆ.

ಪಂಚತಂತ್ರದ ಯಾವುದೇ ಪಾಠದಲ್ಲಿಯೂ ಕಥೆ ಬರುವ ರೀತಿ ಹೆಚ್ಚುಕಡಮೆ ಒಂದೇ. ಇಬ್ಬರು ಮಾತನಾಡುತ್ತಿರುತ್ತಾರೆ, ಅವರ ಮುಂದೆ ಒಂದು ತೀರ್ಮಾನವಾಗಬೇಕಾದ ಕಾರ್ಯವಿರುತ್ತದೆ. ಒಬ್ಬನು ತನ್ನ ಅಭಿಪ್ರಾಯವನ್ನು ಚಿಕ್ಕದಾಗಿ ಹೇಳಿ, ಹಾಗೆ ಮಾಡದಿದ್ದ ಇಂಥವನು ಕೆಟ್ಟನು ಎಂದು ಒಂದು ಕಥೆಯ ಹೆಸರನ್ನಷ್ಟೆ ಎತ್ತುತ್ತಾನೆ. ಕೇಳುವವನು ‘ಅದೆಂತು?’ ಎನ್ನುತ್ತಾನೆ. ಹಳಗನ್ನಡದ ಗದ್ಯದಲ್ಲಿ ‘ಅದೆಂತೆನೆ’ ಎಂಬ ಮಾತು ಇಂಥ ಕಡೆಗಳಲ್ಲಿ ಬಾಗಿಲಿನ ಚಿಲಕದಂತೆ ಕೆಲಸಮಾಡುತ್ತದೆ. ಆಮೇಲೆ ಕಥೆ. ಕಥೆ ಮುಗಿದೊಡನೆ ಹೇಳಿದವನು ಮೊದಲಿನ ಮಾತಿಗೆ ಹಿಂದಿರುಗಿ, ಆದುದರಿಂದ ನೀನು ಹೀಗೆ ಮಾಡತಕ್ಕದ್ದು ಎನ್ನುತ್ತಾನೆ. ಸಂದರ್ಭ, ಸೂಚನೆ, ಪ್ರಶ್ನೆ, ಕಥೆ, ಮರಳಿಕೆ ಎಂದು ಇವನ್ನು ಕರೆಯಬಹುದು. ಪಾಲಿ ಜಾತಕಗಳಲ್ಲಿಯೂ ಇದರ ಸೋದರ ರೂಪವಿದೆ: ಈಗ ನಡೆದ ಸಂಗತಿ ಮೊದಲು, ಹಿಂದಿನ ಜನ್ಮದ ಕಥೆ ಆಮೇಲೆ, ಕೊನೆಯಲ್ಲಿ ಅಂದಿನ ಅವನೇ ಇಂದಿನ ಇವನು ಎಂದು ಜೋಡಿಸುವ ಸಮೋಧಾನ. ಮುಂಬಯಿ ಪುಣೆಗಳಲ್ಲಿ ನೆಲೆಸಿದ ಕನ್ನಡಿಗರು ಕೇಳಿರತಕ್ಕ ಮರಾಠಿ ಕೀರ್ತನದಲ್ಲಿಯೂ ಪೂರ್ವರಂಗದಲ್ಲಿ ತತ್ತ್ವದ ನಿರೂಪಣೆ, ಉತ್ತರರಂಗದಲ್ಲಿ ಆಖ್ಯಾನ, ಕಡೆಗೆ ಮೊದಲು ಹಾಡಿದ ಪದಕ್ಕೇ ಮರಳುವುದು ಎಂಬ ಕ್ರಮವಿದೆ.

ಈ ಐದರಲ್ಲಿ ಜನರ ಗಮನವೆಲ್ಲ ನಾಲ್ಕನೆಯದಾದ ಕಥೆಯ ಮೇಲೆಯೇ ಬೀಳುತ್ತದೆ. ಮಕ್ಕಳ ಪುಸ್ತಕಗಳಲ್ಲಿ ಉಳಿದು ಬಂದದ್ದೂ ಅದೊಂದೇ. ಆದರೆ ಒಡಂಬಡಿಸುವ ಶಕ್ತಿ ಕಥೆಯ ಎರಡು ಪಕ್ಕದ ಕೀಲುಗಳಲ್ಲಿದೆ: ಕಥೆಗೆ ಮುಂಚಿನ ಪ್ರಶ್ನೆಯಲ್ಲಿ ಮತ್ತು ಕಥೆಯ ಅನಂತರದ ಮರಳಿಕೆಯಲ್ಲಿ. ಪ್ರಶ್ನೆ ಕೇಳುವವನ ಅನುಮತಿ. ಕೇಳದವನ ಮೇಲೆ ಹೇರಿದ ಕಥೆ ಉಪದೇಶವಾಗುತ್ತದೆ. ಉಪದೇಶಕ್ಕೆ ಮನಸ್ಸು ಬಾಗಿಲು ಮುಚ್ಚಿಕೊಳ್ಳುವುದು ಎಲ್ಲರ ಅನುಭವ. ಮಿಂಟೋ ಅವರ ನಾಲ್ಕು ಹೆಜ್ಜೆಗಳಲ್ಲಿಯೂ ಪ್ರಶ್ನೆಗೆ ಬೇರೆಯೇ ಒಂದು ಸ್ಥಾನವಿರುವುದು ಇದೇ ಕಾರಣದಿಂದ. ಮರಳಿಕೆಯಾದರೋ ಕಥೆಯ ಲೋಕದಿಂದ ಎದುರಿಗಿರುವ ಕಾರ್ಯಕ್ಕೆ ದಾಟುವ ಸೇತುವೆ. ಸೇತುವೆ ಗಟ್ಟಿಯಾಗಿದೆಯೆ ಎಂಬುದನ್ನು ಪರೀಕ್ಷಿಸದೆ ದಾಟುವವನು ಕಥೆಯ ಸೊಗಸಿಗೆ ಮರುಳಾಗಿ ಹೊಳೆಗೆ ಬೀಳುವುದುಂಟು.

ಪ್ರಶ್ನೆಯ ಬಲವನ್ನು ತಿಳಿಯಲು ಕನ್ನಡದಲ್ಲಿ ವಡ್ಡಾರಾಧನೆಗಿಂತ ಒಳ್ಳೆಯ ಆಕರ ಸಿಕ್ಕುವುದು ಕಷ್ಟ. ಅದರಲ್ಲಿ ಸುಕುಮಾರಸ್ವಾಮಿಯ ಕಥೆಯ ಒಳಗೆ ನಾಗಶ್ರೀ ಎಂಬ ಬಾಲಕಿಯ ಪ್ರಸಂಗವಿದೆ. ಶಾಂತಿನಾಥನ ಸುಕುಮಾರಚರಿತೆಯೂ ಅದೇ ಕಥೆಯನ್ನು ಹೇಳುತ್ತದೆ. ನಾಗಶ್ರೀಯ ತಂದೆ ನಾಗಶರ್ಮ ವೈದಿಕ ಬ್ರಾಹ್ಮಣ. ಮಗಳು ಜೈನ ಮುನಿಗಳಿಂದ ಐದು ವ್ರತಗಳನ್ನು ಪಡೆದು ಬಂದಳೆಂದು ತಿಳಿದು ಅವನಿಗೆ ಕೋಪ ಬರುತ್ತದೆ. ಕೊಟ್ಟವರಿಗೇ ಅವನ್ನು ಹಿಂದಕ್ಕೆ ಕೊಟ್ಟು ಬರೋಣವೆಂದು ಅವಳನ್ನು ಕರೆದುಕೊಂಡು ಹೊರಡುತ್ತಾನೆ. ಮಗಳು ಎದುರು ವಾದಿಸುವುದಿಲ್ಲ. ದಾರಿಯಲ್ಲಿ ಕೊಲೆಗಾಗಿ ಶಿಕ್ಷೆಗೆ ಗುರಿಯಾದವನೊಬ್ಬನು ಕಣ್ಣಿಗೆ ಬೀಳುತ್ತಾನೆ. ಇವನೇಕೆ ಹೀಗಾದನು ಎಂದು ಹುಡುಗಿ ಕೇಳುತ್ತಾಳೆ. ಅವನ ಅಪರಾಧದ ಕಥೆ ಹೊರಬೀಳುತ್ತದೆ. ಹಾಗಾದರೆ ಕೊಲ್ಲಬಾರದೆಂಬುದೇ ಅಲ್ಲವೆ ತನ್ನ ಒಂದು ವ್ರತ ಎಂದು ಅವಳು ಕೇಳಿದಾಗ ತಂದೆ, ಆ ಒಂದು ವ್ರತ ಇರಲಿ, ಉಳಿದವನ್ನು ಹಿಂದಿರುಗಿಸೋಣ ಎನ್ನುತ್ತಾನೆ. ಇನ್ನಷ್ಟು ಮುಂದೆ ಹೋದರೆ ಸುಳ್ಳಿಗಾಗಿ ಶಿಕ್ಷೆ, ಆಮೇಲೆ ಕಳವಿಗಾಗಿ. ಹೀಗೆ ಒಂದೊಂದು ನೋಟಕ್ಕೂ ಒಂದೊಂದು ಪ್ರಶ್ನೆ, ಒಂದೊಂದು ಕಥೆ, ಒಂದೊಂದು ಒಪ್ಪಿಗೆ. ಹಿಂದಕ್ಕೆ ಕೊಡಬೇಕೆಂದು ಹೊರಟ ಐದು ವ್ರತಗಳಲ್ಲಿ ಕೊನೆಗೆ ಒಂದನ್ನೂ ಕೊಡುವಂತಿಲ್ಲ.

ಈ ಪ್ರಸಂಗದ ಧಾರ್ಮಿಕ ಉದ್ದೇಶ ಸ್ಪಷ್ಟವೇ ಇದೆ. ಅದನ್ನು ಬದಿಗಿಟ್ಟು ನೋಡಿದರೂ ಇದು ಒಡಂಬಡಿಸುವ ಕಲೆಯ ಒಂದು ಪೂರ್ಣ ಪಾಠ. ಹಿರಿಯನಾದ ತಂದೆಗೆ ಚಿಕ್ಕ ಹುಡುಗಿ ಬುದ್ಧಿ ಹೇಳುವಂತಿಲ್ಲ. ಹೇಳಿದ್ದರೆ ಅವನು ಕೇಳುತ್ತಲೂ ಇರಲಿಲ್ಲ. ಅವಳ ಕೈಯಲ್ಲಿರುವುದು ಪ್ರಶ್ನೆಯೊಂದೇ. ಕಥೆಯನ್ನು ಲೋಕವೇ ಹೇಳುತ್ತದೆ. ಕಥೆಯಿಂದ ಬರುವ ನಿರ್ಣಯವನ್ನು ತಂದೆ ತನ್ನ ಬಾಯಿಂದಲೇ ಆಡುತ್ತಾನೆ. ಎರಡನೆಯದಾಗಿ, ಅವಳು ಐದನ್ನೂ ಒಟ್ಟಿಗೆ ಕೇಳುವುದಿಲ್ಲ. ಒಂದು ಕಥೆಗೆ ಒಂದೇ ಒಪ್ಪಿಗೆ. ಕೊಲೆಗಡುಕನ ಕಥೆಯಿಂದ ಸತ್ಯವ್ರತವನ್ನು ಸಾಧಿಸಲು ಅವಳು ಹೋಗಿದ್ದರೆ ತಂದೆ ಅಲ್ಲಿಯೇ ತಡೆಯುತ್ತಿದ್ದನು. ಮರಳಿಕೆ ಕಥೆಯ ಅಳತೆಯನ್ನು ಮೀರದಿರುವುದು ಈ ಪ್ರಸಂಗದ ಅತ್ಯಂತ ಸೂಕ್ಷ್ಮವಾದ ಅಂಶ. ಇಂದಿನ ಭಾಷಣಕಾರರಲ್ಲಿ ಬಹುಮಂದಿ ತಪ್ಪುವುದು ಇಲ್ಲಿಯೇ. ಒಂದು ಹನಿ ಕಥೆಯಿಂದ ಒಂದು ಕೊಡ ನೀತಿಯನ್ನು ಹಿಂಡಲು ಹೊರಡುತ್ತಾರೆ.

ಮರಳಿಕೆಯ ಶಾಸ್ತ್ರವನ್ನು ನ್ಯಾಯದರ್ಶನದಲ್ಲಿ ಕಾಣಬಹುದು. ಗೌತಮನ ನ್ಯಾಯಸೂತ್ರದಲ್ಲಿ ಪರಾರ್ಥಾನುಮಾನಕ್ಕೆ ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಐದು ಅವಯವಗಳಿವೆ. ಬೆಟ್ಟದಲ್ಲಿ ಬೆಂಕಿಯಿದೆ ಎಂಬುದು ಪ್ರತಿಜ್ಞೆ. ಹೊಗೆ ಕಾಣುವುದರಿಂದ ಎಂಬುದು ಹೇತು. ಅಡುಗೆಮನೆಯಲ್ಲಿ ಕಂಡಂತೆ ಎಂಬುದು ಉದಾಹರಣೆ. ಇಲ್ಲಿಯೂ ಹಾಗೆಯೇ ಹೊಗೆಯಿದೆ ಎಂಬುದು ಉಪನಯ. ಆದುದರಿಂದ ಬೆಂಕಿಯಿದೆ ಎಂಬುದು ನಿಗಮನ. ದೃಷ್ಟಾಂತವೆಂದರೆ ಸಾಮಾನ್ಯ ಜನರೂ ಪರೀಕ್ಷಕರೂ ಯಾವುದರಲ್ಲಿ ಒಂದೇ ಬುದ್ಧಿಯುಳ್ಳವರಾಗಿರುವರೋ ಅದು ಎಂದು ಸೂತ್ರಕಾರನ ತಾತ್ಪರ್ಯ. ಪಂಡಿತನಿಗೂ ಪಾಮರನಿಗೂ ಅಡುಗೆಮನೆ ಒಂದೇ. ಕಥೆ ನಿಲ್ಲುವುದು ಈ ದೃಷ್ಟಾಂತದ ಸ್ಥಾನದಲ್ಲಿ. ಇಬ್ಬರಿಗೂ ಒಪ್ಪಿಗೆಯಾದ ನೆಲವೊಂದು ಅದರಿಂದ ದೊರೆಯುತ್ತದೆ. ಆದರೆ ನೈಯಾಯಿಕನು ಉಪನಯವನ್ನು ಬಿಡಲೊಲ್ಲನು. ಅಲ್ಲಿಯ ಹೊಗೆ ಇಲ್ಲಿಯೂ ಇದೆಯೆ, ಅಥವಾ ಅದು ಬರಿಯ ಮಂಜೆ ಎಂದು ನೋಡಿದ ಹೊರತು ಅಡುಗೆಮನೆಯ ಮಾತಿನಿಂದ ಬೆಟ್ಟದ ಬೆಂಕಿ ಸಿದ್ಧವಾಗುವುದಿಲ್ಲ. ಕಥೆಗಾರನಾದರೋ ಉಪನಯವನ್ನು ಹಲವು ವೇಳೆ ಹಾರಿಸಿಬಿಡುತ್ತಾನೆ. ಕಥೆಯ ವೇಗದಲ್ಲಿ ಕೇಳುವವನಿಗೆ ಅದು ಗೊತ್ತೂ ಆಗುವುದಿಲ್ಲ.

ಗ್ರೀಕರಲ್ಲಿ ಅರಿಸ್ಟಾಟಲನು ತನ್ನ ವಾಕ್‌ಶಾಸ್ತ್ರದ ಎರಡನೆಯ ಪುಸ್ತಕದಲ್ಲಿ ಇದನ್ನು ವ್ಯವಹಾರದ ದೃಷ್ಟಿಯಿಂದ ವಿವೇಚಿಸಿದ್ದಾನೆ. ದೃಷ್ಟಾಂತಗಳಲ್ಲಿ ನಡೆದ ಸಂಗತಿಗಳೆಂದೂ ಕಲ್ಪಿತವಾದುವೆಂದೂ ಎರಡು ಬಗೆ. ಕಲ್ಪಿತ ನೀತಿಕಥೆಗಳಲ್ಲಿ ಒಂದು ಅನುಕೂಲವುಂಟು: ನಮ್ಮ ಸಂದರ್ಭಕ್ಕೆ ಹೋಲುವ ಚರಿತ್ರೆಯನ್ನು ಹುಡುಕುವುದು ಕಷ್ಟ, ಹೋಲುವ ಕಥೆಯನ್ನು ಕಟ್ಟುವುದು ಸುಲಭ. ಅವನೇ ಕೊಡುವ ಇನ್ನೊಂದು ಸಲಹೆ ಬಹಳ ಉಪಯುಕ್ತವಾದುದು. ದೃಷ್ಟಾಂತವನ್ನು ಯುಕ್ತಿಗೆ ಮೊದಲೇ ಇಟ್ಟರೆ ಹಲವು ಬೇಕಾಗುತ್ತವೆ. ಯುಕ್ತಿಯ ಅನಂತರ ಇಟ್ಟರೆ ಅದು ಸಾಕ್ಷಿಯಂತೆ ನಿಲ್ಲುವುದರಿಂದ ಒಂದೇ ಸಾಕು. ನಂಬತಕ್ಕ ಸಾಕ್ಷಿ ಒಬ್ಬನಿದ್ದರೂ ನ್ಯಾಯಸ್ಥಾನದಲ್ಲಿ ಕೆಲಸವಾಗುತ್ತದೆಯಷ್ಟೆ. ಸಭೆಯಲ್ಲಿ ಮೂರು ಕಥೆ ಹೇಳಿ ಯಾವುದಕ್ಕೆ ಹೇಳಿದೆನೆಂಬುದನ್ನು ಮರೆಯುವವರು ಈ ಸೂತ್ರವನ್ನು ನೆನಪಿಟ್ಟರೆ ಉಳಿದವರ ಹೊತ್ತು ಉಳಿಯುತ್ತದೆ.

ರೋಮಿನ ಮೆನೀನಿಯಸ್ ಅಗ್ರಿಪ್ಪನ ಕಥೆ ಪಾಠಪುಸ್ತಕಗಳಲ್ಲಿ ಪ್ರಸಿದ್ಧ. ಕ್ರಿಸ್ತಪೂರ್ವ ೪೯೪ರಲ್ಲಿ ಸಾಲದ ಹೊರೆಯಿಂದ ನೊಂದ ಸಾಮಾನ್ಯ ಪ್ರಜೆಗಳು ನಗರವನ್ನು ಬಿಟ್ಟು ಬೆಟ್ಟವೊಂದರ ಮೇಲೆ ಹೋಗಿ ಕುಳಿತಾಗ, ಹಿರಿಯರ ಸಭೆ ಅವನನ್ನು ಸಂಧಾನಕ್ಕೆ ಕಳುಹಿಸಿತೆಂದು ಲಿವಿ ಬರೆದಿದ್ದಾನೆ. ದುಡಿಯದೆ ತಿನ್ನುವ ಹೊಟ್ಟೆಯ ಮೇಲೆ ಕೈ ಬಾಯಿ ಹಲ್ಲುಗಳು ಮುನಿಸಿಕೊಂಡು ಮುಷ್ಕರ ಹೂಡಿ ಕೊನೆಗೆ ತಾವೂ ಸೊರಗಿದ ಕಥೆಯನ್ನು ಅವನು ಹೇಳಿದನು. ಜನರ ಮನಸ್ಸು ತಿರುಗಿತು. ಕಥೆಯ ಮಹಿಮೆಗೆ ಇದನ್ನು ಉದಾಹರಿಸುವವರು ಲಿವಿಯ ಮುಂದಿನ ವಾಕ್ಯಗಳನ್ನು ಸಾಮಾನ್ಯವಾಗಿ ಓದುವುದಿಲ್ಲ. ಜನರು ಹಿಂದಿರುಗಿದ್ದು, ತಮ್ಮನ್ನು ರಕ್ಷಿಸಲು ತಮ್ಮವರೇ ಆದ ಟ್ರಿಬ್ಯೂನರು ಎಂಬ ಅಧಿಕಾರಿಗಳನ್ನು ನೇಮಿಸಬೇಕೆಂಬ ಷರತ್ತು ಒಪ್ಪಿಗೆಯಾದ ಮೇಲೆ. ಹೊಟ್ಟೆಯ ಕಥೆ ಮಾತುಕತೆಗೆ ಬಾಗಿಲು ತೆರೆಯಿತು. ಸಾಲಗಾರನಿಗೆ ಬೇಕಾದದ್ದು ಕಥೆಯ ಹೊರಗಿತ್ತು. ಹೊಟ್ಟೆ ತಾನು ಪಡೆದದ್ದನ್ನು ರಕ್ತವಾಗಿ ಅವಯವಗಳಿಗೆ ಹಂಚುತ್ತದೆ. ಸಿರಿವಂತರು ಹಾಗೆ ಹಂಚುತ್ತಿದ್ದರೆ ಎಂಬುದೇ ಅಲ್ಲಿ ಕೇಳಬೇಕಾಗಿದ್ದ ಉಪನಯದ ಪ್ರಶ್ನೆ. ಬೆಟ್ಟದ ಮೇಲೆ ಕುಳಿತವರು ಅದನ್ನು ತಮ್ಮ ರೀತಿಯಲ್ಲಿ ಕೇಳಿದರೆಂದೇ ಹೇಳಬೇಕು.

ಮರಳಿಕೆಯನ್ನು ಬೇಕೆಂದೇ ಕೊನೆಯವರೆಗೆ ಬಚ್ಚಿಡುವ ಕ್ರಮವೂ ಉಂಟು. ಯೆಹೂದ್ಯರ ಪುರಾತನ ಗ್ರಂಥದಲ್ಲಿ ಪ್ರವಾದಿ ನಾತಾನನು ದಾವೀದ ಅರಸನಲ್ಲಿಗೆ ಬಂದು, ನೂರಾರು ಕುರಿಗಳಿದ್ದ ಸಿರಿವಂತನು ಬಡವನ ಒಂದೇ ಒಂದು ಮುದ್ದಿನ ಮರಿಯನ್ನು ಕಿತ್ತು ಅತಿಥಿಗೆ ಅಡುಗೆ ಮಾಡಿಸಿದ ಸಂಗತಿಯನ್ನು ಹೇಳುತ್ತಾನೆ. ಅರಸನು ಕೆರಳಿ ಅಪರಾಧಿಗೆ ಮರಣವೇ ತಕ್ಕದ್ದೆಂದು ತೀರ್ಪು ಕೊಟ್ಟ ಮೇಲೆ, ಆ ಅಪರಾಧಿ ಅರಸನೇ ಎಂದು ತಿಳಿಸುತ್ತಾನೆ. ಪರರ ಹೆಂಡತಿಯನ್ನು ಅಪಹರಿಸಿದ ಅರಸನಿಗೆ ನೇರವಾಗಿ ಹೇಳಿದ್ದರೆ ನೂರು ಸಮಾಧಾನಗಳು ಸಿದ್ಧವಾಗಿರುತ್ತಿದ್ದವು. ತನ್ನ ತೀರ್ಪಿಗೇ ಸಮಾಧಾನ ಹುಡುಕುವುದು ಹೇಗೆ? ಇದು ಬಹಳ ಹರಿತವಾದ ಆಯುಧ. ದಿನನಿತ್ಯದ ಸಂಸಾರದಲ್ಲಿ ಎತ್ತತಕ್ಕದ್ದಲ್ಲ. ಗಂಡಹೆಂಡಿರು ಒಬ್ಬರಿಗೊಬ್ಬರು ಹೀಗೆ ಬಲೆಯೊಡ್ಡಿದರೆ ವಾದ ಗೆಲ್ಲಬಹುದು, ಮನೆ ಗೆಲ್ಲುವುದಿಲ್ಲ.

ಕಟ್ಟು ಇಷ್ಟು ಬಲವುಳ್ಳದ್ದಾದರೆ ಅದು ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಬರುತ್ತದೆ. ಪಂಚತಂತ್ರದ ಮೊದಲನೆಯ ತಂತ್ರದ ವಿಷಯವೇ ಅದು. ಪಿಂಗಳಕನೆಂಬ ಸಿಂಹಕ್ಕೂ ಸಂಜೀವಕನೆಂಬ ಎತ್ತಿಗೂ ಸ್ನೇಹ ಬೆಳೆಯುತ್ತದೆ. ಸ್ನೇಹವನ್ನು ಕೂಡಿಸಿದವನು ದಮನಕನೆಂಬ ನರಿ. ಅದರಿಂದ ತನಗೆ ನಷ್ಟವಾಯಿತೆಂದು ಮುರಿಯಲು ಹೊರಡುವವನೂ ಅವನೇ. ಸಿಂಹಕ್ಕೆ ಅವನು ಹೇಳುವ ಕಥೆಗಳಲ್ಲಿ ಹೇನು ತಿಗಣೆಗಳ ಕಥೆ ಒಂದು. ಅರಸನ ಹಾಸಿಗೆಯಲ್ಲಿ ಬಹುಕಾಲದಿಂದ ಅಡಗಿ ಬದುಕಿದ್ದ ಹೇನು ಹೊಸದಾಗಿ ಬಂದ ತಿಗಣೆಗೆ ಕನಿಕರದಿಂದ ಎಡೆಕೊಡುತ್ತದೆ. ತಿಗಣೆ ಹೊತ್ತಲ್ಲದ ಹೊತ್ತಿನಲ್ಲಿ ಕಚ್ಚುತ್ತದೆ, ಅರಸನು ಎಚ್ಚರಗೊಳ್ಳುತ್ತಾನೆ, ಆಳುಗಳು ಹುಡುಕುವಾಗ ತಿಗಣೆ ಓಡಿಹೋಗುತ್ತದೆ, ಸಿಕ್ಕಿ ಸಾಯುವುದು ಹೇನು. ಆದುದರಿಂದ ಶೀಲ ತಿಳಿಯದವನಿಗೆ ಆಶ್ರಯ ಕೊಡಬಾರದು.

ಕಥೆಯಲ್ಲಿ ದೋಷವಿಲ್ಲ, ಅದರ ನೀತಿಯೂ ಲೋಕದಲ್ಲಿ ಎಷ್ಟೋ ಸಲ ನಿಜ. ಮೋಸವೆಲ್ಲ ಇರುವುದು ಹೇಳದೆ ಬಿಟ್ಟ ಉಪನಯದಲ್ಲಿ. ಸಂಜೀವಕನು ತಿಗಣೆಯೆಂಬುದಕ್ಕೆ ಸಾಕ್ಷಿಯೇನು? ಅವನು ಯಾವಾಗ ಹೊತ್ತಲ್ಲದ ಹೊತ್ತಿನಲ್ಲಿ ಕಚ್ಚಿದನು? ಸಿಂಹವು ಈ ಒಂದು ಪ್ರಶ್ನೆ ಕೇಳಿದ್ದರೆ ತಂತ್ರ ಅಲ್ಲಿಗೇ ಮುಗಿಯುತ್ತಿತ್ತು. ‘ಅದೆಂತು?’ ಎಂದು ಕಥೆಗೆ ಮೊದಲು ಕೇಳಲು ಮರೆಯದ ಪಿಂಗಳಕನು ಕಥೆ ಮುಗಿದ ಮೇಲೆ ಅದನ್ನೇ ಇನ್ನೊಮ್ಮೆ ಕೇಳಲು ಮರೆಯುತ್ತಾನೆ. ದಮನಕನಾದರೋ ಬಿಟ್ಟ ಎಡೆಯನ್ನು ಬಹಳ ಜಾಣತನದಿಂದ ತುಂಬುತ್ತಾನೆ. ಎತ್ತು ಕೊಂಬು ಮುಂದುಮಾಡಿ ಬಂದರೆ ಅದರ ಮನಸ್ಸು ತಿಳಿಯಿರೆಂದು ಸಿಂಹಕ್ಕೂ, ಸಿಂಹ ಮೈ ಬಿಗಿದು ಕುಳಿತಿದ್ದರೆ ಅದರ ಮನಸ್ಸು ತಿಳಿಯೆಂದು ಎತ್ತಿಗೂ ಹೇಳಿಡುತ್ತಾನೆ. ಹೆದರಿದ ಎತ್ತು ಕೊಂಬು ಮುಂದುಮಾಡದೆ ಇರುವುದೆ? ಹೆದರಿದ ಸಿಂಹ ಮೈ ಬಿಗಿಯದೆ ಇರುವುದೆ? ಕಥೆಯೇ ತನ್ನ ಸಾಕ್ಷಿಯನ್ನು ಹುಟ್ಟಿಸಿಕೊಂಡಿತು. ಎರಡು ಜಾತಿಗಳ, ಎರಡು ಭಾಷೆಗಳ, ಎರಡು ಓಣಿಗಳ ನಡುವೆ ಇಂಥ ಕಥೆಗಳು ಹಬ್ಬಿದಾಗ ನಡೆದದ್ದೂ ಇದೇ. ಕೈಯಲ್ಲಿ ಹಿಡಿಯುವ ದೂರವಾಣಿಯಲ್ಲಿ ಅವು ಈಗ ಒಂದು ಗಳಿಗೆಯಲ್ಲಿ ಊರೂರು ತಲುಪುತ್ತವೆ.

ಕರಟಕನು ದಮನಕನಿಗೆ ಬುದ್ಧಿ ಹೇಳುವ ಭಾಗ ಇನ್ನೂ ವಿಚಿತ್ರವಾದುದು. ಚಳಿಯಲ್ಲಿ ನಡುಗುವ ಕಪಿಗಳು ಬೆಂಕಿಯಲ್ಲದ್ದನ್ನು ಬೆಂಕಿಯೆಂದು ಊದುತ್ತಿರುವಾಗ ಬುದ್ಧಿ ಹೇಳಲು ಹೋದ ಹಕ್ಕಿಯನ್ನು ಅವು ಕೊಂದ ಕಥೆಯನ್ನು ಅವನು ಹೇಳುತ್ತಾನೆ. ಕೇಳಲೊಲ್ಲದವನಿಗೆ ಹೇಳಬಾರದು ಎಂಬ ಕಥೆಯನ್ನು ಕೇಳಲೊಲ್ಲದವನಿಗೇ ಹೇಳುವ ಈ ವಿನೋದವನ್ನು ಪಂಚತಂತ್ರಕಾರನು ತಿಳಿದೇ ಮಾಡಿರಬೇಕು. ದಮನಕನು ಬಾಯಿಂದ ಪ್ರಶ್ನೆ ಕೇಳುತ್ತಾನೆ, ಮನಸ್ಸಿನಿಂದ ಕೇಳುವುದಿಲ್ಲ. ಅಂಥ ಕಡೆ ಎಂಥ ಕಟ್ಟೂ ಕೆಲಸಮಾಡದು. ಕೊನೆಗೆ ಎತ್ತು ಸಾಯುತ್ತದೆ, ಸಿಂಹ ಮರುಗುತ್ತದೆ, ನರಿ ಮಂತ್ರಿಯಾಗಿ ಉಳಿಯುತ್ತದೆ. ಸಂಸ್ಕೃತದ ಕಥೆಗಾರನು ಅಲ್ಲಿಗೆ ನಿಲ್ಲಿಸಿದನು. ಈ ಗ್ರಂಥ ಪಹ್ಲವಿಯ ಮೂಲಕ ಅರಬ್ಬಿಗೆ ಹೋದಾಗ ಕರಟಕ ದಮನಕರು ‘ಕಲೀಲ’ ‘ದಿಮ್ನ’ ಆದರು. ಎಂಟನೆಯ ಶತಮಾನದಲ್ಲಿ ಅದನ್ನು ಅರಬ್ಬಿಗೆ ತಂದ ಇಬ್ನ್ ಅಲ್ ಮುಕಫ್ಫನ ಪುಸ್ತಕದಲ್ಲಿ ಮೂಲದಲ್ಲಿಲ್ಲದ ಒಂದು ಅಧ್ಯಾಯವಿದೆ: ದಿಮ್ನನ ವಿಚಾರಣೆ. ಅಲ್ಲಿ ನರಿಯನ್ನು ನ್ಯಾಯಸ್ಥಾನಕ್ಕೆ ಎಳೆದು ಶಿಕ್ಷಿಸಲಾಗುತ್ತದೆ. ಇದನ್ನು ಅರಬ್ಬಿಯ ಅನುವಾದಕನೇ ಸೇರಿಸಿದನೆಂದು ವಿದ್ವಾಂಸರು ಭಾವಿಸುತ್ತಾರೆ. ಮಾತಿನಿಂದ ಕೊಂದವನು ದಂಡವಿಲ್ಲದೆ ಉಳಿಯುವುದನ್ನು ಅವನ ಮನಸ್ಸು ಸಹಿಸಲಿಲ್ಲವೆಂದು ತೋರುತ್ತದೆ. ವಿಚಾರಣೆಯಲ್ಲಿಯೂ ನರಿ ಕಥೆಗಳಿಂದಲೇ ವಾದಿಸುತ್ತದೆಂಬುದನ್ನು ಇಲ್ಲಿ ಹೇಳದೆ ಬಿಡಲಾಗದು.

ಹಳಬರ ಈ ಎಚ್ಚರಿಕೆಗೆ ಈಚಿನ ಮನಶ್ಶಾಸ್ತ್ರದ ಪ್ರಯೋಗಗಳು ಬೆಂಬಲವಾಗಿವೆ. ೨೦೦೦ದಲ್ಲಿ ಮೆಲನಿ ಗ್ರೀನ್ ಮತ್ತು ತಿಮೊಥಿ ಬ್ರಾಕ್ ಎಂಬವರು ಪ್ರಕಟಿಸಿದ ಅಧ್ಯಯನದಲ್ಲಿ, ಕಥೆಯೊಳಗೆ ತನ್ಮಯರಾದ ಓದುಗರು ಕಥೆಗೆ ಅನುಗುಣವಾದ ನಂಬಿಕೆಗಳ ಕಡೆಗೆ ಹೆಚ್ಚು ವಾಲಿದರು, ಅದರಲ್ಲಿ ತಪ್ಪುಗಳನ್ನು ಕಡಮೆ ಕಂಡರು. ಕಥೆ ನಡೆದದ್ದೆಂದು ಹೇಳಿದರೂ ಕಲ್ಪಿತವೆಂದು ಹೇಳಿದರೂ ಪರಿಣಾಮದಲ್ಲಿ ಹೇಳತಕ್ಕಷ್ಟು ವ್ಯತ್ಯಾಸವಾಗಲಿಲ್ಲ. ೨೦೦೭ರಲ್ಲಿ ಸ್ಮಾಲ್, ಲೋವೆನ್‌ಸ್ಟೈನ್, ಸ್ಲೋವಿಕ್ ಎಂಬ ಮೂವರು ಪ್ರಕಟಿಸಿದ ಪ್ರಯೋಗ ಇನ್ನೊಂದು ಬಗೆಯದು. ೫ ಡಾಲರು ಕೈಯಲ್ಲಿದ್ದ ಜನ, ಆಫ್ರಿಕದ ಹಸಿದ ಒಬ್ಬ ಹುಡುಗಿಯ ಕಥೆಯನ್ನು ಓದಿ ಸರಾಸರಿ ೨.೩೮ ಡಾಲರು ಕೊಟ್ಟರು. ಲಕ್ಷಾಂತರ ಜನರ ಹಸಿವಿನ ಅಂಕಿಗಳನ್ನು ಓದಿ ೧.೧೪ ಡಾಲರು ಕೊಟ್ಟರು. ಕಥೆಯನ್ನೂ ಅಂಕಿಗಳನ್ನೂ ಒಟ್ಟಿಗೆ ಓದಿದವರು ಕೊಟ್ಟದ್ದು ೧.೪೩. ಕಥೆಗೆ ಅಂಕಿಯನ್ನು ಸೇರಿಸಿದರೆ ಎರಡರ ಬಲವೂ ಕೂಡುತ್ತದೆಂಬ ಸಾಮಾನ್ಯ ನಂಬಿಕೆಗೆ ಇದು ವಿರುದ್ಧ. ಆದರೆ ಇದರಿಂದ ಅಂಕಿಗಳನ್ನು ಮುಚ್ಚಿಡಬೇಕೆಂದು ಯಾರಾದರೂ ತೀರ್ಮಾನಿಸಿದರೆ ಅವರು ದಮನಕನ ಕಡೆಗೆ ಒಂದು ಹೆಜ್ಜೆ ಇಟ್ಟಂತೆ. ಒಡಂಬಡಿಸಲು ಕಥೆ, ಪರೀಕ್ಷಿಸಲು ಅಂಕಿ ಎಂದು ಬೇರೆ ಬೇರೆ ಹೊತ್ತಿನಲ್ಲಿ ಎರಡನ್ನೂ ಮುಂದಿಡುವುದು ಸಾಧ್ಯವಿದೆ.

ಇದೆಲ್ಲ ದಿನದ ಬಾಳಿನಲ್ಲಿ ಹೇಗೆ ಒದಗುತ್ತದೆಂಬುದಕ್ಕೆ ಹೊರನಾಡಿನ ಕನ್ನಡ ಸಂಘಗಳಿಗೆ ಪರಿಚಿತವಾದ ಸಂದರ್ಭವೊಂದನ್ನು ಕಲ್ಪಿಸಿಕೊಳ್ಳಬಹುದು. ಸಂಘದವರು ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವ ತರಗತಿ ತೆರೆದಿದ್ದಾರೆ, ಮಕ್ಕಳು ಬರುತ್ತಿಲ್ಲ. ಕಾರ್ಯದರ್ಶಿಗಳು ಮನೆಮನೆಗೆ ಹೋಗುತ್ತಾರೆ. ಅವರ ವಾಡಿಕೆಯ ಮಾತೆಂದರೆ ಕನ್ನಡದ ಪ್ರಾಚೀನತೆ, ಎಂಟು ಜ್ಞಾನಪೀಠ ಪ್ರಶಸ್ತಿಗಳು, ಮಾತೃಭಾಷೆಯ ಋಣ. ಮನೆಯವರು ಕಾಫಿ ಕೊಟ್ಟು ಎಲ್ಲವನ್ನೂ ಒಪ್ಪುತ್ತಾರೆ. ಮುಂದಿನ ಭಾನುವಾರ ಮಗು ಚಿತ್ರಕಲೆಯ ತರಗತಿಗೇ ಹೋಗುತ್ತದೆ. ಹೇಳಿದ ಮಾತು ಸುಳ್ಳಲ್ಲ, ಆದರೆ ಆ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆಗೆ ಅದು ಉತ್ತರ.

ಅದೇ ಕಾರ್ಯದರ್ಶಿಗಳು ಇನ್ನೊಂದು ಮನೆಯಲ್ಲಿ ಬೇರೆ ರೀತಿ ಮಾತು ತೆಗೆದರೆಂದು ಭಾವಿಸಬಹುದು. ಊರಿನಲ್ಲಿ ಅಜ್ಜಿ ಹೇಗಿದ್ದಾರೆಂದು ವಿಚಾರಿಸುತ್ತಾ, ತಮ್ಮ ಮನೆಯಲ್ಲಿ ಅಜ್ಜಿಯ ಕಾಗದಗಳ ಕಟ್ಟೊಂದು ಪೆಟ್ಟಿಗೆಯಲ್ಲಿಯೇ ಉಳಿದುಹೋಯಿತು ಎಂದು ಅರ್ಧ ಹೇಳಿ ನಿಲ್ಲಿಸುತ್ತಾರೆ. ಮನೆಯಾಕೆ ‘ಏಕೆ?’ ಎನ್ನುತ್ತಾರೆ. ಇದು ಆ ‘ಅದೆಂತು’. ಅಜ್ಜಿ ತೀರಿಕೊಂಡ ಮೇಲೆ ಅವರ ಪೆಟ್ಟಿಗೆ ಊರಿನಿಂದ ಬಂತು. ಅದರಲ್ಲಿ ಮೊಮ್ಮಗಳ ಹೆಸರಿಗೆ ಬರೆದು ಅಂಚೆಗೆ ಹಾಕದ ಐದಾರು ಕಾಗದಗಳಿದ್ದವು. ಮೊಮ್ಮಗಳು ಕನ್ನಡ ಮಾತನಾಡುತ್ತಾಳೆ, ಅಕ್ಷರ ಬಾರದು. ತಾಯಿ ಓದಿ ಹೇಳುತ್ತೇನೆಂದಳು. ಹುಡುಗಿ ಬೇಡವೆಂದಳು, ಅಜ್ಜಿ ತನಗೆ ಬರೆದದ್ದು ಇನ್ನೊಬ್ಬರ ಬಾಯಿಂದ ಕೇಳಲು ಅವಳಿಗೆ ಮನಸ್ಸಿಲ್ಲ. ಕಾಗದಗಳು ಪೆಟ್ಟಿಗೆಯಲ್ಲಿಯೇ ಇವೆ. ಇಷ್ಟೇ ಕಥೆ. ಇದರಲ್ಲಿ ನೃಪತುಂಗನೂ ಇಲ್ಲ, ಪಂಪನೂ ಇಲ್ಲ. ಕಾರ್ಯದರ್ಶಿಗಳು ಇಲ್ಲಿಂದ ಮರಳುವುದು ಭಾಷೆಯ ಉದ್ಧಾರಕ್ಕಲ್ಲ. ಅಕ್ಷರ ಕಲಿಯಲು ವಾರಕ್ಕೆ ಎರಡು ಗಂಟೆ ಸಾಕು ಎಂಬಲ್ಲಿಗೆ. ಕಥೆ ಎಷ್ಟಕ್ಕೆ ಸಾಕ್ಷಿಯೋ ಬೇಡಿಕೆಯೂ ಅಷ್ಟೆ.

ಇಲ್ಲೊಂದು ಕಟ್ಟಳೆ ಅವಶ್ಯ. ಆ ಕಥೆ ನಡೆದದ್ದಾಗಿರಬೇಕು, ಅಥವಾ ಕಲ್ಪಿತವೆಂದು ಹೇಳುವವರು ಮೊದಲೇ ತಿಳಿಸಿರಬೇಕು. ಹೇನು ತಿಗಣೆಗಳು ಮಾತನಾಡಿದವೆಂದು ಯಾರೂ ಮೋಸಹೋಗುವುದಿಲ್ಲ. ಪ್ರಾಣಿಕಥೆಯ ಸೌಜನ್ಯವೇ ಅದು. ನೆರೆಮನೆಯ ಹೆಸರಿನಲ್ಲಿ ಕಟ್ಟಿದ ಸುಳ್ಳುಕಥೆಗೆ ಆ ರಕ್ಷಣೆ ಇಲ್ಲ. ಒಮ್ಮೆ ಅದು ಬಯಲಾದರೆ ‘ಕಥೆ ಹೇಳಬೇಡಿ’ ಎಂಬ ಮಾತಿಗೆ ಕಾರ್ಯದರ್ಶಿಗಳು ಪಾತ್ರರಾಗುತ್ತಾರೆ. ಮುಂದೆ ಅವರು ತರುವ ಸತ್ಯಕ್ಕೂ ಬಾಗಿಲು ತೆರೆಯುವುದಿಲ್ಲ.

ಮನೆಯಾಕೆಯೂ ಸುಮ್ಮನೆ ಕೇಳುವವರಲ್ಲ. ಅವರಲ್ಲಿಯೂ ಒಂದು ಕಥೆಯಿರುತ್ತದೆ: ಶಾಲೆಯಲ್ಲಿ ಇಂಗ್ಲಿಷು, ಹಿಂದಿ, ಆ ರಾಜ್ಯದ ಭಾಷೆ ಎಂದು ಮೂರು ಲಿಪಿಗಳ ಹೊರೆ ಹೊತ್ತ ಮಗು ಭಾನುವಾರ ಬೆಳಿಗ್ಗೆ ಎಬ್ಬಿಸಿದಾಗ ಅತ್ತದ್ದು. ಜಾಣ ಕಾರ್ಯದರ್ಶಿಗಳು ಇದನ್ನು ಇನ್ನೊಂದು ಕಥೆಯಿಂದ ಹೊಡೆಯಲು ಹೋಗುವುದಿಲ್ಲ. ಈಗ ಪ್ರಶ್ನೆ ಕೇಳುವ ಸರದಿ ಅವರದು. ಮಗು ಅತ್ತದ್ದು ಕನ್ನಡಕ್ಕಾಗಿಯೆ, ಭಾನುವಾರದ ನಿದ್ದೆಗಾಗಿಯೆ? ಅಲ್ಲಿಯ ಹೊಗೆ ಇಲ್ಲಿಯೂ ಇದೆಯೆ? ಮನೆಯಾಕೆ ಸ್ವಲ್ಪ ಯೋಚಿಸಿ, ನಿದ್ದೆಗಾಗಿಯೇ ಇರಬೇಕು ಎನ್ನಬಹುದು. ಆಗ ತರಗತಿಯನ್ನು ಶನಿವಾರ ಸಂಜೆಗೆ ತಳ್ಳುವ ಠರಾವು ಮುಂದಿನ ಸಮಿತಿಯ ಸಭೆಗೆ ಬರುತ್ತದೆ. ಎಷ್ಟು ಮಕ್ಕಳಿಗೆ ಯಾವ ಹೊತ್ತು ಒಗ್ಗುತ್ತದೆಂಬ ಪಟ್ಟಿಯನ್ನು ಕಾರ್ಯದರ್ಶಿಗಳು ಅಲ್ಲಿ ಓದಬೇಕಾಗುತ್ತದೆ. ಅಜ್ಜಿಯ ಪೆಟ್ಟಿಗೆಯ ಕಥೆಯನ್ನು ಆ ಸಭೆಯಲ್ಲಿ ಮತ್ತೆ ಹೇಳುವ ಅಗತ್ಯವಿಲ್ಲ.